ಹನ್ನೊಂದೂಕಾಲರ ತಗ್ಗು

ತಪ್ಪು ಒಪ್ಪಿಕೊಂಡವಳಿಗೆ ಅವರು ಕುರ್ಚಿ ಕೊಟ್ಟರು. ಮೂರು ವರ್ಷದಿಂದ ದಿನಕ್ಕೆರಡು ಸಲ ಅವಳು ಒರೆಸುತ್ತ ಬಂದಿದ್ದ ಕುರ್ಚಿಯೇ ಅದು. ಎಡಗೈ ಇಡುವ ಕಡೆ ಚರ್ಮ ಕಿತ್ತು ಒಳಗಿನ ಹಳದಿ ಸ್ಪಂಜು ಕಾಣುತ್ತದೆ ಎಂದು ಗೊತ್ತಿತ್ತು, ಕೂತರೆ ಹೀಗೆ ಹಿಂದಕ್ಕೆ ವಾಲುತ್ತದೆ ಎಂದು ಗೊತ್ತಿರಲಿಲ್ಲ. ವಾಲಿದ ಕೂಡಲೇ ಬೆಚ್ಚಿ ಅಂಚಿಗೆ ಸರಿದಳು. ಮುಂದೆ ಅವಳಿಗೆಂದೇ ತರಿಸಿದ ಚಹಾ ಇತ್ತು, ಅದೂ ಕಾಗದದ ಲೋಟದಲ್ಲಲ್ಲ, ಮೇಡಂ ಕುಡಿಯುವಂಥದೇ ಪಿಂಗಾಣಿ ಕಪ್ಪಿನಲ್ಲಿ. "ಕುಡಿಯಮ್ಮ, ಭಯ ಪಡಬೇಡ. ನೀನು ಬಾಯಿ ಬಿಡದೇ ಇದ್ದಿದ್ರೆ ನಾವು ಮುಳುಗಿಹೋಗ್ತಿದ್ವಿ," ಎಂದರು ಮೇಡಂ. ಅವರ ಹಿಂದೆ ಉದ್ದಪ್ಪ ನಗುತ್ತ ನಿಂತಿದ್ದ. ಮೇಡಂ ಕೈಕೆಳಗೆ ಸಂಶೋಧನೆ ಮಾಡುವವನು. ಬಾಗಿಲಿಗೆ ಬಂದಾಗಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ ಇದ್ದುದರಿಂದ ಪ್ರಯೋಗಾಲಯದ ಗಾಜು ತೊಳೆಯುವ ಕೋಣೆಯಲ್ಲಿ ಅವನಿಗೆ ಬಿದ್ದ ಹೆಸರು ಅದು. ಕಳೆದ ವಾರವಿಡೀ ಸುಟ್ಟ ಬದನೆಕಾಯಿಯಂತಿದ್ದ ಅವನ ಮುಖ ಈಗ ಹೊಳೆಯುತ್ತಿತ್ತು. ಬೈಸಿಕೊಳ್ಳಲು, ಕೆಲಸ ಕಳೆದುಕೊಳ್ಳಲು ಕೂಡ, ಬಾಯಿ ಬಿಟ್ಟಾಗಿನಿಂದ ಮೈ ಬಿಗಿ ಮಾಡಿಕೊಂಡಿದ್ದವಳಿಗೆ ಆ ಬಿಗಿಯನ್ನು ಈಗ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಚಹಾ ಸಿಹಿಯಾಗಿತ್ತು. ತಾನು ಮಾಡಿದ್ದು ತಪ್ಪೋ ಉಪಕಾರವೋ ಎಂದು ಕಪ್ಪಿನೊಳಗೆ ನೋಡಿದಳು.

ಕಳೆದ ಸೋಮವಾರದಿಂದ ಶುಕ್ರವಾರದವರೆಗೆ ಒಳಗಿನ ಕೋಣೆಯ ಇನ್ಕ್ಯುಬೇಟರ್ ಎಂಬ ಕಾವಿನ ಪೆಟ್ಟಿಗೆಯಲ್ಲಿ ಒಂದು ಪ್ಲೇಟು ಇತ್ತು. ಅಂಗೈಯಗಲದ ಪ್ಲಾಸ್ಟಿಕ್ಕು, ಅದರಲ್ಲಿ ತೊಂಬತ್ತಾರು ಗುಳಿ, ಒಂದೊಂದು ಗುಳಿಯ ತಳದಲ್ಲೂ ಕೂದಲಿಗಿಂತ ತೆಳ್ಳಗಿನ ಚಿನ್ನದ ಎಳೆ, ಎಳೆಯ ಮೇಲೆ ಹೃದಯದ ಜೀವಕೋಶಗಳು. ಸುತ್ತ ಹೃದಯವೇ ಇಲ್ಲದಿದ್ದರೂ ಅವು ಮಿಡಿಯುತ್ತಿದ್ದವು. ಬಯೋಸೆನ್ಸರ್ ಎಂದು ಇಲ್ಲಿ ಎಲ್ಲರೂ ಕರೆಯುವ ಯಂತ್ರ ಆ ಎಳೆಗಳ ಮೂಲಕ ಮಿಡಿತಗಳನ್ನು ಕೇಳಿಸಿಕೊಂಡು ಹೊರಗಿನ ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ಕೀಲುನೋವಿಗೆ ಹೊಸದೊಂದು ಔಷಧಿ. ಅದು ಹೃದಯವನ್ನು ಕೆಡಿಸುತ್ತದೆಯೇ ಎಂದು ಮನುಷ್ಯರಿಗೆ ಕೊಡುವ ಮೊದಲು ಈ ಕೋಶಗಳನ್ನು ಕೇಳಬೇಕು. ಪ್ಲೇಟಿನ ಮುಂದಿನ ಸಾಲುಗಳಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ಉದ್ದಪ್ಪ ಔಷಧಿ ಹಾಕುತ್ತಿದ್ದ. ಹಿಂದಿನ ಸಾಲುಗಳಿಗೆ ಔಷಧಿಯಿಲ್ಲದ ಬರೀ ದ್ರವ. ಐದು ದಿನವೂ ಹನ್ನೊಂದೂಕಾಲರ ಹೊತ್ತಿಗೆ ಮುಂದಿನ ಸಾಲುಗಳ ಮಿಡಿತ ನಿಧಾನವಾಗಿ, ಗೆರೆ ಕೆಳಗಿಳಿದು, ಕೆಲವು ನಿಮಿಷಗಳ ಮೇಲೆ ಮತ್ತೆ ಎದ್ದಿತ್ತು. ತಗ್ಗು ಎನ್ನುತ್ತಿದ್ದರು ಮೇಡಂ. ಇಂದು ಬೆಳಿಗ್ಗೆ ಪರದೆಯ ಮುಂದೆ ಕೂತು ಐದು ತಗ್ಗುಗಳನ್ನೂ ಒಂದರ ಪಕ್ಕ ಒಂದು ಇಟ್ಟು, "ಔಷಧಿ ಹೋಗಿ ಒಂದೂಕಾಲು ಗಂಟೆಗೆ ಸರಿಯಾಗಿ ಹೃದಯ ಎಡವುತ್ತೆ. ದಿನಾ. ಮುಗೀತು, ನಾಲ್ಕು ವರ್ಷದ ಕೆಲಸ ಕಸದ ಬುಟ್ಟಿಗೆ," ಎಂದಾಗ ಅವಳು ಅಲ್ಲೇ ಮೇಜು ಒರೆಸುತ್ತಿದ್ದಳು. ಬಟ್ಟೆಯನ್ನು ಒಂದೇ ಜಾಗದಲ್ಲಿ ಆಡಿಸುತ್ತ ಆಡಿಸುತ್ತ, "ಮೇಡಂ, ಅದು ನಾನು," ಎಂದಳು.

"ಏನಂದೆ?"

"ಆ ಹೊತ್ತಿಗೆ ನಾನು ಬಾಗಿಲು ತೆಗೀತಿದ್ದೆ ಮೇಡಂ. ಕೈ ಕಾಯಿಸ್ಕೊಳ್ಳೋಕೆ."

ಗಾಜಿನ ಸಾಮಾನಿನ ಕೊನೆಯ ಮೂರು ತೊಳೆತ ಶುದ್ಧ ನೀರಿನಲ್ಲೇ ಆಗಬೇಕು. ಆ ನೀರು ತಂಪು ಕೋಣೆಯ ಪೀಪಾಯಿಯಿಂದ ಬರುತ್ತದೆ. ಕೈಗವಸು ಹಾಕಿದರೆ ಬಾಟಲಿ ಜಾರುತ್ತದೆ. ಹನ್ನೊಂದರ ಹೊತ್ತಿಗೆ ಬೆರಳು ಯಾರದೋ ಬೆರಳಿನಂತೆ ಮರಗಟ್ಟಿರುತ್ತದೆ. ಇನ್ಕ್ಯುಬೇಟರಿನ ತಳದ ತಟ್ಟೆಗೆ ನೀರು ತುಂಬುವ ಕೆಲಸವೂ ಅವಳದೇ ಆದ್ದರಿಂದ ಒಳಗೆ ಎಷ್ಟು ಹದವಾಗಿ ಬೆಚ್ಚಗಿದೆ ಎಂದು ಅವಳಿಗೆ ಗೊತ್ತು. ಎಲ್ಲರೂ ಚಹಾಕ್ಕೆ ಹೋದಾಗ ಬಾಗಿಲು ತೆಗೆದು, ಒಳಗಿನ ಗಾಜಿನ ಬಾಗಿಲನ್ನೂ ಸರಿಸಿ, ಏನನ್ನೂ ಮುಟ್ಟದೆ, ಎರಡು ಕೈಯನ್ನೂ ಗಾಳಿಯಲ್ಲಿ ಚಾಚಿ ಇನ್ನೂರು ಎಣಿಸುತ್ತಿದ್ದಳು. ಇದನ್ನೆಲ್ಲ ಹೇಳಲಿಲ್ಲ. "ಇನ್ನೂರು ಎಣಿಸೋವರೆಗೆ," ಎಂದಷ್ಟೇ ಹೇಳಿದಳು. ಉದ್ದಪ್ಪ ಹಣೆ ಚಚ್ಚಿಕೊಂಡ. "ಮೇಡಂ, ಮುಂದಿನ ಸಾಲುಗಳು ಬಾಗಿಲ ಕಡೆಗಿವೆ! ತಣ್ಣನೆ ಗಾಳಿ ಮೊದಲು ಬಡಿಯೋದೇ ಅವಕ್ಕೆ! ಔಷಧಿ ಅಲ್ಲ ಮೇಡಂ, ಇವಳ ಕೈ!" ಆಮೇಲೆ ಕುರ್ಚಿ ಬಂತು, ಚಹಾ ಬಂತು. ಐದು ದಿನ, ಐದು ತಗ್ಗು, ಐದೂ ಬಾಗಿಲಿನದು ಎಂದು ಒಂದು ಹಾಳೆಯಲ್ಲಿ ಬರೆದು ಅವಳು ಸಹಿ ಹಾಕಿದರೆ ಸಾಕು ಎಂದರು ಮೇಡಂ. ಶಿಕ್ಷೆಗಲ್ಲ, ಬರೀ ವಿವರಣೆ. ವರದಿ ಐದು ಗಂಟೆಗೆ ಹೋಗಬೇಕು. "ಐದೂ ದಿನ ತೆಗೆದಿದ್ದೆ ಅಲ್ವಾ?" "ಹೂಂ ಮೇಡಂ." "ನಾಲ್ಕು ಗಂಟೆಗೆ ಬಾ. ಇವನು ಟೈಪ್ ಮಾಡಿ ಇಟ್ಟಿರ್ತಾನೆ."

ಹೂಂ ಎಂದಿದ್ದಳು. ಓಣಿಯಲ್ಲಿ ನಡೆಯುವಾಗಲೂ ತಲೆ ತಾನಾಗಿ ಹೂಂ ಎನ್ನುತ್ತಿತ್ತು. ಮರಳು ತುಂಬಿದ ಕೆಂಪು ಬಕೆಟ್ಟುಗಳ ಹತ್ತಿರ ಬಂದಾಗ, ಒಂದು, ಎರಡು, ಮೂರು ಎಂದು ಯಾಕೋ ಬಕೆಟ್ಟುಗಳನ್ನು ಎಣಿಸುತ್ತ, ಸೋಮ, ಮಂಗಳ, ಬುಧ ಎಂದು ಮನಸ್ಸು ಬೇರೆ ಎಣಿಕೆ ಹಿಡಿಯಿತು, ಮತ್ತು ನಾಲ್ಕನೆಯ ಬಕೆಟ್ಟಿನ ಮುಂದೆ ನಿಂತುಬಿಟ್ಟಳು. ಗುರುವಾರ ಅವಳು ಕೆಲಸಕ್ಕೆ ಬಂದಿರಲಿಲ್ಲ.

ಬುಧವಾರ ಫೋಟೋ ಇತ್ತು. ವಿಭಾಗದವರೆಲ್ಲ ಹೊರಗಿನ ಮೆಟ್ಟಿಲ ಮೇಲೆ ನಿಲ್ಲಬೇಕು, ಯಾರೂ ತಪ್ಪಿಸಬಾರದು ಎಂದು ಬೆಳಿಗ್ಗೆಯೇ ಬಂದು ಹೇಳಿದ್ದರು. ಯಾರೂ ಎಂದರೆ ಯಾರೂ ಎಂದುಕೊಂಡು ಅವಳು ಕೂದಲು ಮತ್ತೊಮ್ಮೆ ಬಾಚಿ, ಒಗೆದ ನೀಲಿ ಕೋಟು ಹಾಕಿಕೊಂಡು ಹೋಗಿ ಎರಡನೆಯ ಮೆಟ್ಟಿಲ ತುದಿಯಲ್ಲಿ ನಿಂತಳು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು, "ನೀವು ಸ್ವಲ್ಪ ಈ ಕಡೆ ಬನ್ನಿ," ಎಂದ. ಈ ಕಡೆ ಎಂದರೆ ಮಧ್ಯಕ್ಕೋ ಎಂದು ಮಧ್ಯಕ್ಕೆ ಹೆಜ್ಜೆ ಇಟ್ಟಳು. "ಅಲ್ಲಲ್ಲ, ಈ ಕಡೆ. ನನ್ನ ಕಡೆ." ಅಷ್ಟರಲ್ಲಿ ಯಾರೋ ಒಬ್ಬಳು ತನ್ನ ಚೀಲವನ್ನು ಅವಳ ಕೈಗೆ ಕೊಟ್ಟಳು, ಅದನ್ನು ನೋಡಿ ಮತ್ತೊಬ್ಬರು ಕೊಟ್ಟರು, ಎಲ್ಲರ ಚೀಲಗಳೂ ಅವಳ ತೋಳಿಗೆ ಬಂದವು. ಬಿಳಿ ಕೋಟುಗಳೆಲ್ಲ ನಕ್ಕವು, ಅವಳನ್ನು ನೋಡಿ ಅಲ್ಲ, ಫೋಟೋದವನು ನಗಿ ಎಂದದ್ದಕ್ಕೆ. ಅವಳೂ ನಕ್ಕಳು. ಚೀಲ ಹೊತ್ತು ಫೋಟೋದವನ ಹಿಂದೆ ನಿಂತು ತಾನು ಯಾಕೆ ನಕ್ಕೆ ಎಂಬುದೊಂದೇ ರಾತ್ರಿಯವರೆಗೂ ಅವಳನ್ನು ತಿಂದಿತು. ಮರುದಿನ ಅಣ್ಣ ಕೆಲಸಕ್ಕೆ ಹೊರಟ ಮೇಲೂ ಚಾಪೆ ಸುತ್ತದೆ ಕೂತಿದ್ದವಳನ್ನು ಕಂಡು ಅತ್ತಿಗೆ, "ಏನು, ರಜವಾ?" ಎಂದರು. ರಜ ಎಂದಳು. "ಯಾವ ರಜ?" ಒಗೆದ ಬಟ್ಟೆ ಮಡಿಚಿದಳು, ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು ಆದದ್ದನ್ನು ನೋಡಿದ್ದಳು, ಈಗ ಕೈ ಕಾಯಿಸಿಕೊಳ್ಳುವ ಹೊತ್ತು ಎಂದು ಕೂಡ ಅಂದುಕೊಂಡಿದ್ದಳು. ಅಂದುಕೊಂಡದ್ದು ಗುರುವಾರವೋ, ಅದಕ್ಕೂ ಹಿಂದೆ ಜ್ವರ ಬಂದ ಯಾವುದೋ ದಿನವೋ? ಬಕೆಟ್ಟಿನ ಮರಳಲ್ಲಿ ಯಾರೋ ಸಿಗರೇಟು ತುಂಡು ಚುಚ್ಚಿದ್ದರು. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಕೆಳಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅತ್ತಿಗೆ, ಹೋದ ವಾರ ನಾನು ಮನೇಲಿದ್ದ ದಿನ ಯಾವುದು?"

"ಯಾಕೆ, ಪೊಲೀಸ್ನೋರು ಕೇಳ್ತಿದ್ದಾರಾ?"

"ಹೇಳಿ ಅತ್ತಿಗೆ."

"ಗುರುವಾರ ಕಣೇ. ನೀರಿನ ಟ್ಯಾಂಕ್ ತೊಳೆಯೋರು ಬಂದಿದ್ರಲ್ಲ, ಅವತ್ತು. ಮೂಗಿಗೆ ಬಟ್ಟೆ ಕಟ್ಕೊಂಡು ಏಣಿ ಹಿಡ್ಕೊಂಡು ನಿಂತಿದ್ಯಲ್ಲ, ಅಷ್ಟು ಬೇಗ ಮರೆತ್ಯಾ? ಅದಿರ್ಲಿ, ನಿಮ್ಮ ಆ ಮೊಣಕಾಲಿನ ಮಾತ್ರೆ ಎಲ್ಲೀವರೆಗೆ ಬಂತು? ಬರ್ಲಿ, ಮೊದಲನೇ ಗಿರಾಕಿ ನಾನೇ. ಎರಡು ಮೆಟ್ಟಿಲು ಹತ್ತೋಷ್ಟರಲ್ಲಿ ಕಂಡ ದೇವರನ್ನೆಲ್ಲ ಕರೆದಾಗುತ್ತೆ."

"ಬರುತ್ತೆ ಅತ್ತಿಗೆ," ಎಂದು ಫೋನ್ ಇಟ್ಟಳು. ಏಣಿಯ ಕಬ್ಬಿಣದ ತಣ್ಣಗಿನ ಸ್ಪರ್ಶ ಅಂಗೈಗೆ ಹಾಗೇ ಬಂತು. ಗುರುವಾರವೇ. ಸಂದೇಹವಿರಲಿಲ್ಲ. ಅವಳು ಬಾಗಿಲು ತೆಗೆಯದ ದಿನವೂ ಗೆರೆ ಅದೇ ಹೊತ್ತಿಗೆ, ಅದೇ ಸಾಲುಗಳಲ್ಲಿ ತಗ್ಗಿತ್ತು.

ಗಾಜು ತೊಳೆಯುವ ಕೋಣೆಯಲ್ಲಿ ನೊರೆಯಕ್ಕ ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಮುಳುಗಿ ನಿಂತಿದ್ದಳು. ಮೂವತ್ತೊಂದು ವರ್ಷದಿಂದ ಹಾಗೇ ನಿಂತಿದ್ದಾಳೆ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಮೊದಲ ವಾರ ಎರಡು ಫ್ಲಾಸ್ಕು ಒಡೆದು ಅಳುತ್ತ ನಿಂತಿದ್ದ ಇವಳಿಗೆ, ಗಾಜನ್ನು ಬಿಗಿಯಾಗಿ ಹಿಡಿದರೇ ಬೀಳುವುದು, ಮಗುವಿನ ತಲೆ ಹಿಡಿದ ಹಾಗೆ ಹಿಡಿ ಎಂದು ಕಲಿಸಿಕೊಟ್ಟವಳು.

"ಏನಮ್ಮ, ರಾಜೋಪಚಾರ ಆಯ್ತಂತೆ? ಪಿಂಗಾಣಿ ಕಪ್ಪಂತೆ, ತಿರುಗೋ ಕುರ್ಚಿಯಂತೆ!"

"ಯಾರು ಹೇಳಿದ್ದು ಅಕ್ಕ?"

"ಗೋಡೆ ಹೇಳ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಯಂತೆ. ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಅಕ್ಕ, ಗುರುವಾರ ನಾನು ಬಂದಿರ್ಲಿಲ್ಲ."

"ಶ್! ಮೆಲ್ಲಗೆ." ನೊರೆಯಕ್ಕ ಬಾಗಿಲ ಕಡೆ ನೋಡಿದಳು. "ಹಾಜರಿ ಪುಸ್ತಕದಲ್ಲಿ ಬಂದಿದೀಯ. ನಿನ್ನ ಸಹಿ ನಿನಗಿಂತ ಚೆನ್ನಾಗಿ ಹಾಕಿದೀನಿ, ಬೇಕಾದ್ರೆ ಹೋಗಿ ನೋಡು."

ಶುಕ್ರವಾರ ಬೆಳಿಗ್ಗೆ ಪುಸ್ತಕ ತೆರೆದಾಗ ಹಿಂದಿನ ದಿನದ ಜಾಗ ಖಾಲಿ ಇಲ್ಲದ್ದನ್ನು ಕಂಡಿದ್ದಳು. ಯಾಕೆ ಬರಲಿಲ್ಲ ಎಂದು ನೊರೆಯಕ್ಕ ಕೇಳಿರಲಿಲ್ಲ. ಇಬ್ಬರ ಪಾಲಿನ ಗಾಜನ್ನೂ ಒಬ್ಬಳೇ ತೊಳೆದಿದ್ದಳು. ಆ ದಿನದ ಬಾಟಲಿಗಳೆಲ್ಲ ಕವುಚಿ ಸಾಲಾಗಿ ಒಣಗುತ್ತಿದ್ದವು.

"ಅವತ್ತೂ ಆ ತಗ್ಗು ಬಂದಿದೆ ಅಕ್ಕ. ಅವತ್ತು ಕಾವಿನ ಪೆಟ್ಟಿಗೆ ಬಾಗಿಲು ನೀನು ತೆಗೆದಿದ್ಯಾ?"

ಬಾಟಲಿಯೊಳಗೆ ಆಡುತ್ತಿದ್ದ ಬ್ರಷ್ ಒಂದು ಗಳಿಗೆ ನಿಂತಿತು. "ತೆಗೆದೆ ಅಂತ ಇಟ್ಕೋ."

"ಇಟ್ಕೊಳ್ಳೋದಲ್ಲ. ನಿಜವಾಗ್ಲೂ?"

"ಅಯ್ಯೋ ಇವಳ ನಿಜವೇ! ಅವರಿಗೆ ಐದು ಬೇಕು, ನಿನ್ಹತ್ರ ನಾಲ್ಕಿದೆ. ನಂದೊಂದು ಸೇರಿಸ್ಕೋ. ಎಲ್ಲರಿಗೂ ಖುಷಿ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಅವರು. ಕಟ್ಕೊಳ್ಳಲಿ ಬಿಡು." ಮತ್ತೆ ಬ್ರಷ್ ಆಡಿಸಿ, ಕೆಳದನಿಯಲ್ಲಿ, "ನಾಲ್ಕು ತಿಂಗಳು, ಹುಡುಗಿ. ಅಷ್ಟೇ. ಬೇರೆಯವರ ಸಹಿ ಹಾಕಿದ್ದಕ್ಕೆ ಹೋದ ವರ್ಷ ಸ್ಟೋರಿನವನಿಗೆ ಏನಾಯ್ತು ನೋಡಿದ್ಯಲ್ಲ. ಗೇಟಿನಿಂದ ಒಳಗೆ ಊಟದ ಡಬ್ಬಿ ತಗೊಳ್ಳೋಕೂ ಬಿಡ್ಲಿಲ್ಲ."

ಅವಳು ತನ್ನ ತೊಟ್ಟಿಯ ಮುಂದೆ ನಿಂತಳು. ಬೀಕರುಗಳು ಬಂದವು, ಹೋದವು. ತೆಗೆದೆ ಅಂತ ಇಟ್ಕೋ ಎಂದರೆ ತೆಗೆದಳೆಂದೋ ತೆಗೆಯಲಿಲ್ಲವೆಂದೋ? ನೊರೆಯಕ್ಕ ತನ್ನ ಮನೆಯ ಬಾಡಿಗೆ, ಮಗಳ ಗಂಡನ ಕುಡಿತ, ಎಲ್ಲಕ್ಕೂ ಹೀಗೇ, ಇದೆ ಅಂತ ಇಟ್ಕೋ, ಹೋಯ್ತು ಅಂತ ಇಟ್ಕೋ ಎನ್ನುತ್ತಾಳೆ. ಇಟ್ಟುಕೊಂಡುಬಿಟ್ಟರೆ ಏನು? ನಾಲ್ಕು ದಿನ ತೆಗೆದದ್ದಂತೂ ನಿಜ. ನಾಲ್ಕು ನಿಜದ ಪಕ್ಕದಲ್ಲಿ ಐದನೆಯದು ಇದ್ದರೆ ಅದೂ ನಿಜದ ಬಣ್ಣಕ್ಕೇ ತಿರುಗುವುದಿಲ್ಲವೇ? ಅಥವಾ ಆ ನಾಲ್ಕಾದರೂ ಅವಳವೇ? ಏಳನೆಯ ತರಗತಿಯಲ್ಲಿ ಮೇಜಿನ ಮೇಲಿದ್ದ ಭೂಗೋಳ ಕೆಳಗೆ ಬಿದ್ದು ಒಂದು ಸಮುದ್ರ ಒಳಕ್ಕೆ ಕುಸಿದಿತ್ತು. ಯಾರು ಎಂದು ಮೇಷ್ಟ್ರು ಕೇಳಿದರು. ಯಾರೂ ಏಳಲಿಲ್ಲ. ಗಡಿಯಾರದ ಸದ್ದು, ಹೊರಗೆ ಕಾಗೆ, ಮೇಷ್ಟ್ರ ಬೆತ್ತ ಅವರದೇ ಕಾಲಿಗೆ ಮೆಲ್ಲಗೆ ಬಡಿಯುವುದು. ಆ ಮೌನ ಹೊರಲಾರದೆ ಅವಳು ಎದ್ದು, ನಾನು ಸಾರ್ ಎಂದಳು. ಅವಳು ಆ ಭೂಗೋಳವನ್ನು ಮುಟ್ಟಿಯೂ ಇರಲಿಲ್ಲ. ಮೇಷ್ಟ್ರು ಹೊಡೆಯಲಿಲ್ಲ; ಒಪ್ಪಿಕೊಂಡೆಯಲ್ಲ, ಒಳ್ಳೆಯ ಹುಡುಗಿ ಎಂದು ಬೆನ್ನು ತಟ್ಟಿದರು. ಇಡೀ ತರಗತಿ ಉಸಿರು ಬಿಟ್ಟಿತ್ತು. ಮರುವರ್ಷ ಶಾಲೆ ಬಿಟ್ಟಾಗ ಅವಳಿಗೆ ನೆನಪಿಗೆ ಉಳಿದದ್ದು ಪಾಠಗಳಲ್ಲ, ಆ ಉಸಿರು. ಬೆಳಿಗ್ಗೆ ಮೇಡಂ ಕೋಣೆಯಲ್ಲಿ ಕೇಳಿದ್ದೂ ಅದೇ ಉಸಿರೇ.

ಮಧ್ಯಾಹ್ನ ಊಟದ ಡಬ್ಬಿ ತೆರೆದು ಮುಚ್ಚಿದಳು. ಒಮ್ಮೆ ಉದ್ದಪ್ಪ ಒಳ್ಳೆಯ ಮನಸ್ಸಿನಲ್ಲಿದ್ದಾಗ, "ನೋಡ್ತೀಯಾ?" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದ. ಮಸುಕು, ಮಸುಕು, ಆಮೇಲೆ ಇದ್ದಕ್ಕಿದ್ದಂತೆ ಒಂದು ಚೂರು ಹಿಗ್ಗಿ ಕುಗ್ಗುವುದು ಕಂಡಿತು. ನಿದ್ದೆಯಲ್ಲಿರುವ ಯಾರದೋ ಗಂಟಲಿನ ಗುಳಿ ಆಡುವ ಹಾಗೆ. ಯಾರ ಹೃದಯ ಇದು ಎಂದು ಕೇಳಿದ್ದಳು. "ಯಾರದ್ದೂ ಅಲ್ಲ, ಬೆಳೆಸಿದ್ದು," ಎಂದ. ಯಾರದ್ದೂ ಅಲ್ಲದ್ದು ಯಾಕೆ ಮಿಡಿಯಬೇಕು ಎಂದು ಕೇಳಲು ನಾಚಿಕೆಯಾಯಿತು. ಈಗ ಅನ್ನದ ಮೇಲೆ ಮುಚ್ಚಳ ಹಿಡಿದು ಕೂತವಳಿಗೆ ಕಂಡದ್ದು ಮೆಟ್ಟಿಲು. ಬೆಳಿಗ್ಗೆ ಹತ್ತಕ್ಕೆ ಮಾತ್ರೆ ನುಂಗಿ, ಆಹಾ ಮೊಣಕಾಲು ಹಗುರಾಯಿತು ಎಂದು, ಹನ್ನೊಂದೂಕಾಲಿಗೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಹತ್ತುತ್ತಿರುವ ಒಬ್ಬ ಹೆಂಗಸು. ನಡುವಿನ ಮೆಟ್ಟಿಲಲ್ಲಿ ಅವಳು ನಿಲ್ಲುತ್ತಾಳೆ. ಅಲ್ಲಿ ಬಾಗಿಲು ತೆಗೆದವರು ಯಾರೂ ಇಲ್ಲ. ತಣ್ಣನೆ ಗಾಳಿಯೂ ಇಲ್ಲ. ಮುಖ ಅತ್ತಿಗೆಯದೇ ಆಗುವ ಮೊದಲು ಅವಳು ಡಬ್ಬಿಯ ಮುಚ್ಚಳ ಒತ್ತಿ ಎದ್ದಳು. ಅತ್ತ ನೊರೆಯಕ್ಕ, ಇತ್ತ ಹೆಸರಿಲ್ಲದ ಆ ಹೆಂಗಸು. ಒಬ್ಬಳು ಎದುರಿಗಿದ್ದಾಳೆ, ಬಟಾಣಿಯಷ್ಟು ಉಪ್ಪಿನಕಾಯಿಯನ್ನೂ ಪಾಲು ಮಾಡಿ ಕೊಟ್ಟವಳು. ಇನ್ನೊಬ್ಬಳು ಇದ್ದಾಳೋ ಇಲ್ಲವೋ. ಗುರುವಾರ ನೊರೆಯಕ್ಕ ಬಾಗಿಲು ತೆಗೆದಳೆಂದೇ ಇಟ್ಟುಕೊಂಡರೆ ಇಬ್ಬರೂ ಉಳಿಯಬಹುದು. ಇಟ್ಟುಕೊಳ್ಳಲು ನೋಡಿದಳು. ಒಂದು ಬಾಟಲಿ ತೊಳೆಯುವಷ್ಟು ಹೊತ್ತು ಇಟ್ಟುಕೊಳ್ಳಲೂ ಆಯಿತು. ಎರಡನೆಯ ಬಾಟಲಿಗೆ ಜಾರಿಹೋಯಿತು.

ನಾಲ್ಕಕ್ಕೆ ಹೋದಾಗ ಹಾಳೆ ಸಿದ್ಧವಿತ್ತು. 'ಈ ಕೆಳಗಿನ ದಿನಗಳಂದು' ಎಂದು ಮೇಲೆ, ಕೆಳಗೆ ಐದು ಸಾಲು, ಪ್ರತಿ ಸಾಲಿನಲ್ಲಿ ತಾರೀಖು, ವಾರ, ಹೊತ್ತು. ಬೆರಳಿಟ್ಟು ಓದತೊಡಗಿದಳು. "ಓದೋಕೆ ಬರುತ್ತಲ್ಲ?" ಎಂದರು ಮೇಡಂ, ಮರುಕದಿಂದಲೇ. "ಬರುತ್ತೆ ಮೇಡಂ." ಉದ್ದಪ್ಪ ಪೆನ್ನಿನ ಕ್ಯಾಪು ತೆಗೆದೇ ಕೊಟ್ಟ. ಪೆನ್ನು ಹಿಡಿದ ಕೈ ಸಹಿಯ ಜಾಗಕ್ಕೆ ಹೋಗಲಿಲ್ಲ, ನಾಲ್ಕನೆಯ ಸಾಲಿನ ಮೇಲೆ ಹೋಗಿ, ಆ ಸಾಲಿನುದ್ದಕ್ಕೂ ಒಂದು ಗೀಟು ಎಳೆಯಿತು. ಗೀಟು ಸೊಟ್ಟಗಿತ್ತು.

"ಏಯ್, ಏಯ್! ಏನ್ಮಾಡ್ತಿದೀಯ?" ಎಂದ ಉದ್ದಪ್ಪ.

"ಗುರುವಾರದ್ದು ನಾನಲ್ಲ ಮೇಡಂ."

"ಬೆಳಿಗ್ಗೆ ಐದೂ ನಾನೇ ಅಂದ್ಯಲ್ಲಮ್ಮ."

"ಅಂದೆ. ಆಮೇಲೆ ನೆನಪಾಯ್ತು. ಅವತ್ತು ನಾನು ಕೆಲಸಕ್ಕೇ ಬಂದಿರ್ಲಿಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ಸಲ ಮಾಡುವುದೆಂದರೆ ಕೋಶ ಬೆಳೆಸುವುದರಿಂದ ಶುರುಮಾಡಿ ಆರು ವಾರ ಎಂದು ಅವಳಿಗೆ ಹೇಳುವಂತೆ ತಮಗೇ ಹೇಳಿಕೊಂಡರು. ಉದ್ದಪ್ಪ ಆಗಲೇ ಎರಡು ಹೆಜ್ಜೆಯಲ್ಲಿ ಹೊರಗೆ ಹೋಗಿ ಹಾಜರಿ ಪುಸ್ತಕ ತಂದು, ಪುಟ ತಿರುವಿ, ಗೆದ್ದವನಂತೆ ಬೆರಳಿಟ್ಟ. "ಗುರುವಾರ. ಒಂಬತ್ತು ಗಂಟೆ. ಸಹಿ. ಇಲ್ಲೇ ಇದೆ ನೋಡಿ ಮೇಡಂ, ಇವಳಿಗೆ ಮರೆವು ಅಷ್ಟೇ."

ಅವಳು ಬಗ್ಗಿ ನೋಡಿದಳು. ತನ್ನ ಹೆಸರೇ. ಕೊನೆಯ ಅಕ್ಷರದ ಬಾಲ ಎಷ್ಟು ಚೆಂದವಾಗಿ ಸುತ್ತಿ ಮೇಲೆದ್ದಿತ್ತೆಂದರೆ, ಈ ಹೆಸರಿನವಳು ಬೇರೆಯೇ ಇದ್ದಾಳೆ, ಮೆಟ್ಟಿಲ ಮಧ್ಯದಲ್ಲಿ ನಿಲ್ಲಲು ಹೆದರದವಳು ಎನ್ನಿಸಿತು. "ಇದು ನಿಂದೇ ಅಲ್ವಾ?" ಎಂದು ಮೇಡಂ ಕೇಳಿದರು. ಹೂಂ ಎಂದರೆ ಮುಗಿಯಿತು. ತಲೆ ಅಭ್ಯಾಸದಂತೆ ಕೆಳಗೆ ಬಂತು. ಬಂದ ತಲೆಯನ್ನು ಅಲ್ಲೇ ಹಿಡಿದು, "ಅಲ್ಲ ಮೇಡಂ," ಎಂದಳು.

"ಮತ್ತೆ ಯಾರದು?"

ಇಷ್ಟು ಹೇಳಬೇಕು, ಇದಕ್ಕಿಂತ ಮುಂದೆ ಹೇಳಬಾರದು ಎಂದು ಓಣಿಯಲ್ಲಿ ಗೆರೆ ಹಾಕಿಕೊಂಡು ಬಂದಿದ್ದಳು. ಸುಮ್ಮನಾದಳು. ಸುಮ್ಮನಾದ ಮೇಲೆ ತಿಳಿಯಿತು, ಆ ತೊಳೆಯುವ ಕೋಣೆಯಲ್ಲಿ ಇರುವುದೇ ಇಬ್ಬರು. ಅವಳ ಮೌನವೂ ಬೆರಳು ಮಾಡುತ್ತಿದೆ. ಗೆರೆ ಹಾಕುವಾಗ ಇದು ಹೊಳೆದಿರಲಿಲ್ಲವೋ, ಹೊಳೆದಿದ್ದೂ ಹೊಳೆಯಲಿಲ್ಲವೆಂದು ಇಟ್ಟುಕೊಂಡಿದ್ದಳೋ. ಯಾರೂ ಏನೂ ಹೇಳದೆಯೇ ಉದ್ದಪ್ಪ ಹೋದ, ಮತ್ತು ನೊರೆಯಕ್ಕ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತಳು. ಪುಸ್ತಕ ನೋಡಿದಳು, ಹಾಳೆಯ ಮೇಲಿನ ಸೊಟ್ಟ ಗೀಟು ನೋಡಿದಳು. ಅವಳನ್ನು ನೋಡಲಿಲ್ಲ.

"ನಂದು. ನಾನೇ ಹಾಕಿದ್ದು. ಅವಳೇನೂ ಕೇಳಿರ್ಲಿಲ್ಲ."

ಮೇಡಂ ಮುಖದಲ್ಲಿ ಸಿಟ್ಟು ಬರಲಿಲ್ಲ, ಬೆಳಕು ಬಂತು. "ಸಹಿ ವಿಷಯ ಹಾಗಿರ್ಲಿ, ಅದನ್ನ ನೋಡ್ಕೊಳ್ಳೋಣ. ಅಂದ್ರೆ ಗುರುವಾರ ಇವಳ ಕೆಲಸವೆಲ್ಲ ನೀವೇ ಮಾಡಿದ್ರಿ. ಇನ್ಕ್ಯುಬೇಟರಿಗೆ ನೀರೂ ನೀವೇ ಹಾಕಿರ್ಬೇಕು. ಬಾಗಿಲು ತೆಗೆದಿದ್ರಿ ಅಲ್ವಾ? ನಿಧಾನವಾಗಿ ನೆನಪು ಮಾಡ್ಕೊಳ್ಳಿ."

ಕೋಣೆಯಲ್ಲಿ ಎಲ್ಲರೂ ಉಸಿರು ಹಿಡಿದರು. ಹೌದು ಎಂಬ ಒಂದು ಮಾತಿಗೆ ಸಹಿಯ ತಪ್ಪು ಕರಗಿಹೋಗುತ್ತದೆ ಎಂದು ನೊರೆಯಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಲಿ ಎಂದು ಇವಳು ಮನಸ್ಸಿನಲ್ಲೇ ಬೇಡಿಕೊಂಡಳು. ಏನು ಹೇಳಲಿ ಎಂದು ಬೇಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಇಲ್ಲ," ಎಂದಳು ನೊರೆಯಕ್ಕ. "ಆ ಪೆಟ್ಟಿಗೆ ಕಂಡ್ರೆ ನಂಗಾಗಲ್ಲ. ಒಳಗೆ ಏನೋ ಬಡ್ಕೋತಾ ಇರುತ್ತಂತೆ. ಈ ಸಾರ್ ಹತ್ತೂವರೆಗೆ ಹೊರಗೆ ಬಂದ್ರು, ನಾನು ಕೋಣೆಗೇ ಬೀಗ ಹಾಕ್ದೆ. ಸಂಜೆವರೆಗೂ ಬೀಗದ ಕೈ ನನ್ನ ಜೇಬಲ್ಲೇ ಇತ್ತು. ಒಬ್ಬರೂ ಹೋಗಿಲ್ಲ."

"ಸರಿಯಾಗಿ ನೆನಪಿದೆಯಾ?"

"ಸಹಿ ಹಾಕಿದ್ದು ಸುಳ್ಳು ಮೇಡಂ. ಒಂದು ಸಾಕು."

ಪರದೆಯ ಮೇಲೆ ಗುರುವಾರದ ಗೆರೆ ಹಾಗೇ ಇತ್ತು. ಅದು ಇಳಿಯುತ್ತ ಬಂದು, ತಳದಲ್ಲಿ ತುಸು ತಡೆದು, ಏಳುತ್ತಿತ್ತು. ಪಕ್ಕದ ಬುಧವಾರದ್ದೂ ಶುಕ್ರವಾರದ್ದೂ ಅದರ ಅವಳಿಗಳಂತಿದ್ದವು, ಆಳದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ನೋಡುತ್ತ ನೋಡುತ್ತ ಅವಳ ಕೈಗಳು ಹಗುರಾದವು, ಮತ್ತು ಆ ಹಗುರ ಹಿತವಾಗಿರಲಿಲ್ಲ. ಹಾಗಾದರೆ ಆ ನಾಲ್ಕೂ ಅವಳದಲ್ಲವೇನೋ. ಅವಳು ಬಾಗಿಲು ತೆಗೆದರೂ ಒಂದೇ, ತೆಗೆಯದಿದ್ದರೂ ಒಂದೇ; ಇನ್ನೂರು ಎಣಿಸಿದ್ದು ಒಳಗಿನವುಗಳಿಗೆ ತಿಳಿದೇ ಇರಲಿಲ್ಲ. ಯಾರದ್ದೋ ತಪ್ಪಿನ ಪಕ್ಕದಲ್ಲಿ ಹೋಗಿ ನಿಂತು, ಇದು ನನ್ನದು ಎಂದು ಚಹಾ ಕುಡಿದು ಬಂದಿದ್ದಳು. ಅಥವಾ ಅವಳದೂ ಇತ್ತೋ, ಔಷಧಿಯದೂ ಇತ್ತೋ, ಒಂದರೊಳಗೊಂದು ಸೇರಿಕೊಂಡಿತ್ತೋ. ಮೇಡಂಗೂ ತಿಳಿದಂತೆ ಕಾಣಲಿಲ್ಲ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಹೊಸ ಪ್ಲೇಟು ಹಾಕು. ಈ ಸಲ ಔಷಧಿ ಹಿಂದಿನ ಸಾಲಿಗೆ, ಬರೀದು ಮುಂದಕ್ಕೆ. ಕೋಣೆಗೆ ಬೀಗ," ಎಂದರು.

"ಮೇಡಂ, ಐದು ಗಂಟೆಗೆ ವರದಿ..."

"ಹೋಗಲ್ಲ." ಆಮೇಲೆ ಬಾಗಿಲ ಕಡೆ ನೋಡದೆ, "ನೀವಿಬ್ರೂ ಹೊರಡಿ. ಸಹಿ ಬಗ್ಗೆ ನಾಳೆ ಬೆಳಿಗ್ಗೆ ಮಾತಾಡ್ತೀನಿ. ಮೇಲಿನವರಿಗೆ ಹೇಳದೇ ಇರೋಕೆ ಆಗಲ್ಲ," ಎಂದು ಸೊಟ್ಟ ಗೀಟಿನ ಹಾಳೆಯನ್ನು ಎರಡು ಮಡಿಕೆ ಮಾಡಿ, ಹರಿಯದೆ, ಖಾನೆಯೊಳಗಿಟ್ಟರು.

ಓಣಿಯಲ್ಲಿ ನೊರೆಯಕ್ಕ ಮುಂದೆ ಹೋಗುತ್ತಿದ್ದಳು. ಚಪ್ಪಲಿ ಒದ್ದೆಯಾಗಿದ್ದರಿಂದ ಪ್ರತಿ ಹೆಜ್ಜೆಗೂ ಸದ್ದಾಗುತ್ತಿತ್ತು. ಎಷ್ಟು ದೂರದಲ್ಲಿ ನಡೆದರೆ ಮರ್ಯಾದೆ ಎಂದು ತಿಳಿಯದೆ ಅವಳು ನಾಲ್ಕು ಹೆಜ್ಜೆ ಹಿಂದೆ ಉಳಿದಳು. "ಅಕ್ಕ," ಎಂದಳು. ಚಪ್ಪಲಿಯ ಸದ್ದು ನಿಲ್ಲಲಿಲ್ಲ. "ಅಕ್ಕ, ಬೆಳಿಗ್ಗೆ ತೆಗೆದೆ ಅಂತ ಇಟ್ಕೋ ಅಂದ್ಯಲ್ಲ..."

"ಇಟ್ಕೊಂಡ್ಯಾ ನೀನು?"

"ಇಲ್ಲ."

"ಮತ್ತೆ?"

ತಿರುವಿನ ಹತ್ತಿರ ನೊರೆಯಕ್ಕ ನಿಲ್ಲದೆಯೇ ಹೇಳಿದಳು: "ನಾಳೆ ಎಂಟೂವರೆಗೇ ಬಾ. ಒಬ್ಬಳೇ ಹೋಗಿ ಅವರ ಮುಂದೆ ನಿಲ್ಲೋಕೆ ನನ್ನಿಂದಾಗಲ್ಲ. ತಪ್ಪಿಸ್ಕೊಂಡ್ರೆ ನೋಡು, ನಾನಂತೂ ಇನ್ನು ಸಹಿ ಹಾಕಲ್ಲ." ಹೇಳಿ ಮುಂದೆ ನಡೆದಳು. ಅವಳ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ, ಹಿಂದಿನಿಂದ ತಿಳಿಯುವಂತಿರಲಿಲ್ಲ. ತಿಳಿಯಬೇಕೆಂದರೆ ಬೇಗ ಬೇಗ ಹೋಗಿ ಪಕ್ಕದಲ್ಲಿ ನಡೆಯಬೇಕು. ಅವಳು ಬೇಗ ಬೇಗ ಹೆಜ್ಜೆ ಹಾಕಿದಳು.